ವಿರಾಮದ ಹೊತ್ತಿನ ಬೈಗುಳ

ಸೇಂಟ್ ಲೂಯಿಸ್‌ನ ರೊಮಾನೊ ಗ್ವಾಲ್ದೋನಿ ಆ ಭಾನುವಾರ ಪಾದ್ರಿಗಳ ಪ್ರವಚನದ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನದ ಆಟದ ವಿರಾಮದಲ್ಲಿ ಡೆಲ್ಫೀನ್ ರೋಲ್ವೆಸ್ ಎದುರಾದಾಗ ಏನು ಹೇಳಬೇಕು ಎಂಬುದೊಂದೇ ಅವನ ತಲೆಯನ್ನು ಕೊರೆಯುತ್ತಿತ್ತು. ಈ ಸಲ ಹೇಳದಿದ್ದರೆ ಇನ್ನು ಹೇಳುವ ಸಂದರ್ಭವೇ ಬರುವಂತಿರಲಿಲ್ಲ.

ಜನ ಕಮ್ಮಿಯಾದರೆಂದು ಎರಡು ಚರ್ಚುಗಳನ್ನು ಒಂದು ಮಾಡುವುದಾಗಿ ಮೇಲಿನವರು ತೀರ್ಮಾನಿಸಿದ್ದರು. ಇಟಲಿಯವರ ಸಂತ ಲೂಚಿಯ ರೊಮಾನೊನದು, ಜರ್ಮನರ ಸಂತ ವಾಲ್ಬುರ್ಗ ಡೆಲ್ಫೀನಳದು. ಮುಂದಿನ ವರ್ಷದಿಂದ ಎರಡಕ್ಕೂ ಒಂದೇ ಹೆಸರು, ಒಬ್ಬರೇ ಪಾದ್ರಿ, ಒಂದೇ ಸಾಕರ್ ತಂಡ. ಹಾವು ಮುಂಗುಸಿಯಂತಿದ್ದ ಎರಡು ತಂಡಗಳು ಕೊನೆಯ ಸಲ ಎದುರಾಗುವ ದಿನ ಇದು.

ಆ ಮೈದಾನದಲ್ಲಿ ಒಂದು ಪದ್ಧತಿಯಿತ್ತು. ತಮ್ಮ ತಂಡ ಯಾವ ಗೋಲಿಗೆ ಚೆಂಡು ಹೊಡೆಯಬೇಕೋ ಅದರ ಹಿಂದೆಯೇ ಅದರ ಅಭಿಮಾನಿಗಳು ನಿಲ್ಲುವುದು. ವಿರಾಮದಲ್ಲಿ ತಂಡಗಳು ಬದಿ ಬದಲಿಸಿದರೆ ಅಭಿಮಾನಿಗಳೂ ಬದಲಿಸಬೇಕು. ಮೈದಾನದ ಒಂದು ಮಗ್ಗುಲಿಗೆ ರೈಲು ಹಳಿಯ ಬೇಲಿ ಇದ್ದುದರಿಂದ ಇನ್ನೊಂದು ಮಗ್ಗುಲಿನ ಕಿರುದಾರಿಯೊಂದೇ ಎರಡೂ ಕಡೆಯವರಿಗೆ ಗತಿ. ಹಾಗಾಗಿ ನಡುಗೆರೆಯ ಹತ್ತಿರ ಎರಡು ಗುಂಪೂ ಎದುರುಬದುರಾಗಿ, ಭುಜ ತಾಗಿಸಿಕೊಂಡು, ಮನಸಾರೆ ಬೈದುಕೊಂಡು ಮುಂದೆ ಹೋಗುತ್ತಿದ್ದವು. ನಲವತ್ತು ವರ್ಷಗಳಲ್ಲಿ ರೊಮಾನೊ ಡೆಲ್ಫೀನಳೊಡನೆ ಆಡಿದ್ದೆಲ್ಲ ಆ ದಾರಿಯಲ್ಲೇ.

"ನಿಮ್ ಗೋಲ್‌ಕೀಪರ್ ಕೈ ನಿಮ್ ಇಟಲಿ ಕಡುಬು ರವಿಯೋಲಿ ಕರಿಯೋಕಷ್ಟೇ ಲಾಯಕ್ಕು ಕಣ್ರೀ" ಎಂದು ಅವಳು. "ನಿಮ್ ಹುಡುಗ್ರು ಓಡ್ತಿದಾರಾ, ಬಿಯರ್ ಪೀಪಾಯಿ ಉರುಳ್ತಿದಾವಾ?" ಎಂದು ಇವನು. ಅಷ್ಟೇ. ಆಗ ಇಬ್ಬರಿಗೂ ಸಂಸಾರವಿತ್ತು. ಆ ಬೈಗುಳದಲ್ಲಿ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ. ಒಂದು ವರ್ಷ ಅವಳು ಕಪ್ಪು ಬಟ್ಟೆಯಲ್ಲಿ ಬಂದಳು. ಗಂಡ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ರೊಮಾನೊ ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದಾಗ ಅವಳು ತೋಳು ಹಿಡಿದು ನಿಲ್ಲಿಸಿದ್ದಳು.

"ಏನ್ರೀ, ಬಾಯಿ ಬಿದ್ದೋಯ್ತಾ? ಬೆಳಗ್ಗೆಯಿಂದ ಎಲ್ರೂ ಅಯ್ಯೋ ಪಾಪ ಅಂತಾನೇ ಇದಾರೆ. ನೀವಾದ್ರೂ ಬೈರಿ!"

ಅವನು ಬೈದ. ಹೇಗೋ ತಡವರಿಸಿ ಬೈದ. ಅವಳು ಕಣ್ಣೊರೆಸಿಕೊಂಡು ನಕ್ಕಳು. ಮುಂದೆ ಅವನ ಹೆಂಡತಿ ತೀರಿಕೊಂಡ ವರ್ಷ ಅವಳೂ ಅವನಿಗೆ ಹಾಗೆಯೇ ಬೈದಿದ್ದಳು. ಯಾವ ಸಾಂತ್ವನವೂ ಅವನ ಎದೆಗೆ ಅಷ್ಟು ತಂಪೆರೆದಿರಲಿಲ್ಲ. ಅಂದಿನಿಂದ ಅವನು ವರ್ಷಕ್ಕೊಮ್ಮೆ ಈ ಆಟ ನಡೆಯುವ ನವೆಂಬರ್ ತಿಂಗಳನ್ನೇ ಕಾಯುತ್ತಿದ್ದ.

ಮೊದಲರ್ಧದಲ್ಲಿ ಪಕ್ಕ ನಿಂತ ಗಸ್ ಒಲ್ದಾನಿಯದೇ ಮಾತು. ಗಸ್ ಬಾಲ್ಯದ ಗೆಳೆಯ; ಡೌನ್‌ಟೌನಿನ ಹೊಸ ಕ್ರೀಡಾಂಗಣಕ್ಕೆ ಇಡೀ ಋತುವಿನ ಟಿಕೆಟ್ ಕೊಂಡಿರುವ ಆಸಾಮಿ.

"ಅಲ್ಲಿಗೆ ಬಾರೋ ಒಂದ್ಸಲ. ಡ್ರಮ್ ಏನು, ಬಣ್ಣದ ಹೊಗೆ ಏನು! ಅಮೆರಿಕದ ಸಾಕರ್ ಎಲ್ಲಿಂದ ಎಲ್ಲಿಗೆ ಬಂತು!"

"ಬಂತಪ್ಪ. ಇಲ್ಲಿ ನೋಡು, ಒಂದ್ ಚರ್ಚಿಗೆ ಹನ್ನೊಂದ್ ಹುಡುಗ್ರು ಸಿಗಲ್ಲ."

"ಒಳ್ಳೆ ಹುಡುಗ್ರೆಲ್ಲ ಅಕಾಡೆಮಿಗೆ ಹೋಗ್ತಾರೆ. ಅಲ್ಲಿ ಕಲಿಸ್ತಾರೆ."

"ನಮಗ್ಯಾರೋ ಕಲಿಸಿದ್ದು? ಐವತ್ತನೇ ಇಸವಿ ವಿಶ್ವಕಪ್ಪಲ್ಲಿ ಇಂಗ್ಲೆಂಡಿಗೆ ಮಣ್ಣು ಮುಕ್ಕಿಸಿದ ನಮ್ ದೇಶದ ತಂಡದಲ್ಲಿ ಐದು ಜನ ಈ ಊರಿನೋರು. ಒಬ್ಬ ಹೆಣದ ಗಾಡಿ ಓಡಿಸ್ತಿದ್ದ!"

"ಶುರುವಾಯ್ತು ಇವನ ಪುರಾಣ" ಎಂದು ಗಸ್ ಆಕಾಶ ನೋಡಿದ.

ರೊಮಾನೊಗೆ ಹೊಸ ಕ್ರೀಡಾಂಗಣದ ಮೇಲೆ ಹಗೆಯೇನೂ ಇರಲಿಲ್ಲ. ಆಟಕ್ಕೆ ಈ ದೇಶದಲ್ಲಿ ಮರ್ಯಾದೆ ಸಿಗಲಿ ಎಂದು ಹಂಬಲಿಸಿದವರಲ್ಲಿ ಅವನೂ ಒಬ್ಬ. ಆದರೆ ಅಲ್ಲಿ ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ಹಾಡು ಹಾಡುತ್ತಾರೆ. ಹೆಸರು ಹಿಡಿದು ಬೈಯುವವರು ಒಬ್ಬರೂ ಇಲ್ಲ. ಅದು ಅವನಿಗೆ ಸಪ್ಪೆ.

ವಿರಾಮದ ಸೀಟಿ ಕೂಗಿತು. ಯಾರೂ ಗೋಲು ಹೊಡೆದಿರಲಿಲ್ಲ. ಹಿಂದೆ ದಾರಿ ಕಿಕ್ಕಿರಿಯುವಷ್ಟು ಜನ; ಇವತ್ತು ಈ ಕಡೆಯಿಂದ ಹದಿನೈದಿಪ್ಪತ್ತು ಮಂದಿ, ಆ ಕಡೆಯಿಂದಲೂ ಅಷ್ಟೇ. ಹಸಿರು ಟೊಪ್ಪಿಗೆಯ ಡೆಲ್ಫೀನ್ ಕೋಲೂರಿಕೊಂಡು ಬಂದಳು.

"ಏನ್ರೀ ಗ್ವಾಲ್ದೋನಿ, ನಿಮ್ಮೋರು ಆಟಕ್ಕೆ ಬಂದಿದಾರಾ, ಪಾಪನಿವೇದನೆಗೆ ಬಂದಿದಾರಾ? ಎಲ್ರೂ ಮಂಡಿ ಊರ್ತಿದಾರೆ!"

ರೊಮಾನೊ ಉರು ಹೊಡೆದಿದ್ದೆಲ್ಲ ಹಾರಿಹೋಯಿತು. ಗುಂಪು ದಾಟಿ ಹೋಯಿತು. ಅವರಿಬ್ಬರೇ ಉಳಿದರು.

"ಮತ್ತೆ ಬಾಯಿ ಬಿದ್ದೋಯ್ತಾ?"

"ಮುಂದಿನ ವರ್ಷ ಒಂದೇ ತಂಡ" ಎಂದ ಅವನು. "ಇಬ್ರೂ ಒಂದೇ ಕಡೆ ನಡೀತೀವಿ. ನೀವು ಎದುರು ಬರೋದೇ ಇಲ್ಲ. ನನಗೆ ಅದೇ ಸಂಕಟ ಡೆಲ್ಫೀನ್. ಈ ದಾರಿ ಒಂದಿಲ್ದಿದ್ರೆ ನಾನು ಯಾವತ್ತೋ ಮನೇಲೇ ಕೂತ್ಬಿಡ್ತಿದ್ದೆ."

ಅವಳು ಟೊಪ್ಪಿಗೆ ಸರಿಮಾಡಿಕೊಂಡಳು. ಸರಿಮಾಡಲು ಅದರಲ್ಲೇನೂ ಇರಲಿಲ್ಲ.

"ಹೊಸ ತಂಡ ಏನು ದಿನಾ ಗೆಲ್ಲುತ್ತಾ? ಸೋತಾಗ ನೀವು ನಮ್ ಹುಡುಗ್ರನ್ನ ಬೈರಿ, ನಾನು ನಿಮ್ಮೋರನ್ನ ಬೈತೀನಿ. ಅದಕ್ಕೆ ಪಕ್ಕದಲ್ಲೇ ಕೂರ್ಬೇಕು. ನನಗೀಗ ಕಿವಿ ಮಂದ."

"ಇವತ್ತಿಂದಲೇ ಕೂತ್ರೆ?"

"ಇವತ್ತಾ?" ಅವಳು ಕೋಲೆತ್ತಿದಳು. "ಇವತ್ತು ನಾವು ನಿಮ್ಮನ್ನ ಸೋಲಿಸ್ಬೇಕು. ನಡೀರಿ ನಿಮ್ ಜಾಗಕ್ಕೆ!"

ಅವನು ಹೋಗಿ ಗಸ್ ಪಕ್ಕ ನಿಂತ. ಸಂಜೆ ಬಿಸಿಲು ಇಳಿಯುತ್ತಿತ್ತು. ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ದೂರದ ಗೋಲಿನಲ್ಲಿ ವಾಲ್ಬುರ್ಗದ ಚೆಂಡು ಬಲೆ ಸೇರಿತು. ಡೆಲ್ಫೀನ್ ಎಸೆದ ಹಸಿರು ಟೊಪ್ಪಿಗೆ ಮೇಲಕ್ಕೆ ಹಾರಿತು. ರೊಮಾನೊ ತನಗೇ ತಿಳಿಯದಂತೆ ಚಪ್ಪಾಳೆ ತಟ್ಟಿದ.

"ಲೋ, ನೀನ್ಯಾರ ಕಡೆಯೋನೋ?" ಗಸ್ ಕೆಂಡವಾದ.

ಆಗ ಅವನಿಗೆ ದುಃಖ ಒತ್ತರಿಸಿ ಬಂತು. ಸೋಲುತ್ತಿರುವುದು ಲೂಚಿಯ. ಅಪ್ಪ ಆಡಿದ, ತಾನು ಆಡಿದ ಲೂಚಿಯ. ಇನ್ನರೆಗಳಿಗೆಯಲ್ಲಿ ಆ ಹೆಸರಿನ ತಂಡವೇ ಇರುವುದಿಲ್ಲ. ಚಪ್ಪಾಳೆ ತಟ್ಟಿಕೊಂಡು ಅದನ್ನು ಬೀಳ್ಕೊಡುವವನ ಪಕ್ಕ ಡೆಲ್ಫೀನ್ ಕೂರುವವಳಲ್ಲ. ಅವನು ಬೇಲಿ ಹಿಡಿದು, ಕೊರಳ ನರ ಉಬ್ಬುವಂತೆ ಕೂಗಿದ.

"ಏಯ್ ವಾಲ್ಬುರ್ಗದ ಪೀಪಾಯಿಗಳಾ! ಇನ್ನೂ ಹೊತ್ತಿದೆ ಕಣ್ರೋ! ಲೂಚಿಯ ಇನ್ನೂ ಸತ್ತಿಲ್ಲ!"

ಮೈದಾನದ ಆ ತುದಿಯಲ್ಲಿ ಡೆಲ್ಫೀನ್ ಕಿವಿಯ ಹಿಂದೆ ಅಂಗೈ ಇಟ್ಟು, ಇನ್ನೂ ಜೋರಾಗಿ ಎಂಬಂತೆ ತಲೆಯಾಡಿಸಿದಳು. ರೊಮಾನೊ ಇನ್ನೂ ಜೋರಾಗಿ ಬೈದ.