ಕಾಲುಮುಂದಾಗಿ ಹುಟ್ಟಿದಾಕೆ

ದುರಗಮ್ಮ ಗುಂಪಿಗೆ ಬಂದ ನಾಲ್ಕನೇ ದಿನ ಗಾಳೆಮ್ಮನ ಸೊಂಟ ಹಿಡಿಯಿತು. ಮುದಕಮ್ಮನಿಗೆ ಅನುಮಾನ ಹುಟ್ಟಿದ್ದೂ ಆ ದಿನವೇ.

ಪ್ರತಿ ಮಳೆಗಾಲಕ್ಕೆ ಇರಕಲ್ಲಗಡದ ಕಡೆಯಿಂದ ಹದಿನೈದು ಹೆಂಗಸರನ್ನು ಕೂಡಿಸಿಕೊಂಡು ಸಿದ್ದಾಪುರದ ಕಾಲುವೆ ಗದ್ದೆಗಳಿಗೆ ಭತ್ತದ ಸಸಿ ಹಚ್ಚಲು ಬರುವುದು ಮುದಕಮ್ಮನ ಕೆಲಸ. 1978ರಲ್ಲಿ ಅದು ಅವಳ ಒಂಬತ್ತನೇ ವರ್ಷ. ಗುಂಪಿನ ನಿಯಮ ಅವಳದೇ. ಗದ್ದೆಯ ಅಗಲವನ್ನು ಪಟ್ಟಿಗಳಾಗಿ ಹಂಚಿಕೊಳ್ಳಬೇಕು. ಒಬ್ಬೊಬ್ಬರು ತಮ್ಮ ಪಟ್ಟಿಯನ್ನು ಹಿಂದಕ್ಕೆ ಸರಿಯುತ್ತ ಹಚ್ಚಿ ಮುಗಿಸಬೇಕು. ಕೂಲಿ ಎಲ್ಲರಿಗೂ ಸಮ. ಬಗ್ಗಲಾರದವಳಿಗೆ ಗುಂಪಿನಲ್ಲಿ ಜಾಗವಿಲ್ಲ. ಈ ಕೊನೆಯ ಮಾತನ್ನು ಅವಳು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಸಡಿಲಿಸಿರಲಿಲ್ಲ.

ಆ ವರ್ಷ ಒಬ್ಬಳು ಹೆರಿಗೆಗೆಂದು ತವರಿಗೆ ಹೋಗಿದ್ದರಿಂದ ಅವಳ ಜಾಗಕ್ಕೆ ಕಸ್ತೂರೆಮ್ಮ ತಳಕಲ್ಲಿನ ದುರಗಮ್ಮನನ್ನು ಕರೆತಂದಿದ್ದಳು. ಕೊಪ್ಪಳದ ಸಂತೆಯಲ್ಲಿ ಆದ ಪರಿಚಯ, ಅಷ್ಟೇ. ಮೂವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಮೊದಲ ಮೂರು ದಿನವೂ ಅವಳ ಪಟ್ಟಿ ಎಲ್ಲರಿಗಿಂತ ಹಿಂದೆ ಬಿತ್ತು. ಮೂರನೇ ದಿನ ಸಂಜೆ ಮುದಕಮ್ಮ ನೇರವಾಗಿಯೇ ಹೇಳಿದ್ದಳು: "ಹಿಂಗಾದ್ರ ನಡಿಯಂಗಿಲ್ಲ ತಂಗಿ. ಇನ್ನೆರಡು ದಿನ ನೋಡ್ತೀನಿ."

ಮರುದಿನ ಮಧ್ಯಾಹ್ನ ಬುತ್ತಿಗೆಂದು ಏಳುವಾಗ ಗಾಳೆಮ್ಮ ಬಗ್ಗಿದವಳು ಬಗ್ಗಿದಂತೆಯೇ ನಿಂತುಬಿಟ್ಟಳು. ಇಬ್ಬರು ಹಿಡಿದು ಬದುವಿನ ಮೇಲೆ ಮಲಗಿಸಿದರು. "ಯವ್ವಾ, ಚಳಕು ಹಿಡೀತಬೇ, ಸತ್ನಿ" ಎಂದು ಅವಳು ನರಳುತ್ತಿರುವಾಗ ದುರಗಮ್ಮ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು: "ನಾ ಕಾಲುಮುಂದ ಹುಟ್ಟಿದಾಕಿ ಅದೀನಿ. ತುಳೀಲೇನು?"

ತಾಯಿಯ ಹೊಟ್ಟೆಯಿಂದ ಕಾಲುಮುಂದಾಗಿ ಬಂದವರು ಎಡಗಾಲಿನಿಂದ ಬೆನ್ನನ್ನು ಮೂರು ಸಲ ತುಳಿದರೆ ಚಳಕು ಬಿಡುತ್ತದೆ ಎಂಬುದು ಆ ಹೆಂಗಸರೆಲ್ಲ ನಂಬಿದ ಮಾತು. ತುಳಿಯುವಾಗ ಇಬ್ಬರೂ ಮಾತಾಡಬಾರದು. ಅದಕ್ಕೆ ದುಡ್ಡು ಮುಟ್ಟಬಾರದು. ಹಾಗೆ ಹುಟ್ಟದವರು ಸುಳ್ಳು ಹೇಳಿ ತುಳಿದರೆ ಚಳಕು ಎಲುಬಿಗೆ ಇಳಿದು ಜೀವ ಇರುವ ತನಕ ಬಿಡುವುದಿಲ್ಲ.

ದುರಗಮ್ಮ ತುಳಿದಳು. ಗಾಳೆಮ್ಮ ಸ್ವಲ್ಪ ಹೊತ್ತು ಹಾಗೇ ಬೋರಲು ಬಿದ್ದಿದ್ದು, ಆಮೇಲೆ ಎದ್ದು ಕೂತು ರೊಟ್ಟಿ ಕೇಳಿದಳು.

ಅಂದಿನಿಂದ ಪ್ರತಿ ಮಧ್ಯಾಹ್ನ ಬುತ್ತಿ ಮುಗಿದ ಮೇಲೆ ಐದಾರು ಹೆಂಗಸರು ಕಾಲುವೆ ದಂಡೆಯ ಹುಲ್ಲಿನ ಮೇಲೆ ಸಾಲಾಗಿ ಬೋರಲು ಮಲಗುವುದು ರೂಢಿಯಾಯಿತು. ದುಡ್ಡು ಕೊಡುವಂತಿಲ್ಲವಲ್ಲ, ಅದಕ್ಕೆ ಅವರು ಬೇರೆ ದಾರಿ ಹುಡುಕಿಕೊಂಡರು. ತಮ್ಮ ಪಟ್ಟಿ ಹಚ್ಚುತ್ತ ಹಚ್ಚುತ್ತ ಪಕ್ಕದ ದುರಗಮ್ಮನ ಪಟ್ಟಿಯಲ್ಲೂ ನಾಲ್ಕು ಸಾಲು ಹಚ್ಚಿಬಿಡುವರು. ವಾರದೊಳಗೆ ದುರಗಮ್ಮನ ಪಾಲಿನ ಗದ್ದೆಯಲ್ಲಿ ಅರ್ಧ ಬೇರೆಯವರ ಕೈಯಲ್ಲೇ ಮುಗಿಯತೊಡಗಿತು.

ಮುದಕಮ್ಮ ಇದನ್ನೆಲ್ಲ ಲೆಕ್ಕವಿಟ್ಟಂತೆ ನೋಡಿದಳು. ಮೂರು ದಿನ ಬಾಯಿ ಬಿಡದವಳು ಬೈಸಿಕೊಂಡ ಮರುದಿನವೇ ಕಾಲಿನ ಮಾತು ತೆಗೆದದ್ದು ಯಾಕೆ? ಹುಟ್ಟಿದ ಸುದ್ದಿ ಕೇಳಿದರೆ "ನಮ್ಮವ್ವ ಹಂಗಂತಿದ್ಲು" ಎಂಬ ಒಂದೇ ಮಾತು. ಹೆರಿಗೆ ಮಾಡಿಸಿದವರು ಯಾರೆಂದು ಕೇಳಿದ್ದಕ್ಕೆ ಮಾತ್ರ ಹೆಸರು ಹೇಳಿದ್ದಳು: ತಳಕಲ್ಲಿನ ಸೂಲಗಿತ್ತಿ ಮಾರೆವ್ವ. ಮತ್ತೊಂದು, ಅವಳ ಠೀವಿ. ಕೆಳಗೆ ಬಿದ್ದ ಕುಡುಗೋಲು ಎತ್ತಲೂ ಅವಳು ಎಲ್ಲರಂತೆ ಸೊಂಟ ಬಗ್ಗಿಸುತ್ತಿರಲಿಲ್ಲ. ಬೆನ್ನು ನೆಟ್ಟಗಿಟ್ಟು, ಮಂಡಿ ಮಡಿಸಿ, ಕುಳಿತು ಎತ್ತುವಳು. ಸಸಿಯ ಕಟ್ಟನ್ನೂ ಹಾಗೆಯೇ, ಎದೆಗೆ ಅವಚಿಕೊಂಡು ಕಾಲಿನ ಬಲದಿಂದ ಏಳುವಳು. ನೋಡಿ ನೋಡಿ ಗಾಳೆಮ್ಮ, ಕಸ್ತೂರೆಮ್ಮರೂ ಹಾಗೆಯೇ ಎತ್ತಲು ಕಲಿತಿದ್ದರು. ಕೂಲಿಗೆ ಬಂದವಳಿಗೆ ದೊರೆಸಾನಿಯ ವೈಯಾರ ಎಂದುಕೊಂಡಳು ಮುದಕಮ್ಮ.

ಮುದಕಮ್ಮನ ಸೊಂಟವೂ ನೆಟ್ಟಗಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು, ಬಿಸಿ ಮಾಡಿದ ಉಪ್ಪಿನ ಗಂಟಿನಿಂದ ಕಾವು ಕೊಟ್ಟುಕೊಂಡು, ಎಕ್ಕೆ ಎಲೆ ಕಟ್ಟಿಕೊಂಡೇ ಗದ್ದೆಗಿಳಿಯುತ್ತಿದ್ದಳು. ಗುಂಪಿಗೆ ಅದು ಗೊತ್ತಿಲ್ಲವೆಂದು ಅವಳ ಎಣಿಕೆ. ಆದರೂ ದಂಡೆಯ ಸಾಲಿನಲ್ಲಿ ಅವಳು ಒಂದು ದಿನವೂ ಮಲಗಲಿಲ್ಲ. ಸುಳ್ಳು ಕಾಲಾಗಿದ್ದರೆ ಹದಿನಾಲ್ಕು ಹೆಂಗಸರ ಬೆನ್ನು ಹಾಳಾಗುತ್ತದೆ. ಅವರನ್ನು ಮನೆಯಿಂದ ಕರೆತಂದವಳು ತಾನು.

ಪಂಚಮಿಗೆ ಎರಡು ದಿನ ಸೂಟಿ. ಹಿಂದಿನ ದಿನದ ಮಧ್ಯಾಹ್ನ ಅವಳು ಎಲ್ಲರೆದುರು ಮಾತು ತೆಗೆದಳು.

"ನಾ ಊರಿಗೆ ಹೊಂಟೀನಿ. ಹಂಗ ತಳಕಲ್ಲಿಗೂ ಹೋಗಿ ಮಾರೆವ್ವನ್ನ ಕೇಳ್ಕೊಂಡು ಬರ್ತೀನಿ."

"ಏನಂತ?" ಎಂದಳು ಕಸ್ತೂರೆಮ್ಮ.

"ಈಕಿ ತಲಿಮುಂದ ಬಂದಳೋ ಕಾಲುಮುಂದ ಬಂದಳೋ ಅಂತ."

ಕಸ್ತೂರೆಮ್ಮ ನಕ್ಕಳು. "ಗಂಗಾವತಿ ಕೋರ್ಟಿನ್ಯಾಗ ಇರಬೇಕಿತ್ತು ನೋಡ್ಬೇ ನೀ. ಹುಟ್ಟಿದ್ದಕ್ಕೂ ಸಾಕ್ಷಿ ಕೇಳ್ತಿ! ನಿನ್ನ ಹುಟ್ಟಿನ ಸಾಕ್ಷಿ ಎಲ್ಲದಾವ?"

"ನಾ ಯಾರ ಬೆನ್ನ ಮ್ಯಾಲೂ ಕಾಲಿಟ್ಟಿಲ್ಲ."

"ಯಕ್ಕಾ, ನನ್ನ ಟೊಂಕ ಆರಾಮ ಆಗೇತಿ" ಎಂದಳು ಗಾಳೆಮ್ಮ. "ಮತ್ತ್ಯಾಕ ಕೆದಕ್ತಿ?"

"ಸುಳ್ಳಾಗಿದ್ರ ಮುಂದ ತಿಳಿತೈತಿ, ಇವತ್ತಲ್ಲ. ನೋಡ್ರಿ, ಖರೇ ಇದ್ರ ಬಂದ ದಿನಾನ ಎಲ್ಲಾರಕಿಂತ ಮೊದಲ ನಾ ಮಲಗ್ತೀನಿ. ಸುಳ್ಳಿದ್ರ ಈಕಿ ಗಂಟು ಕಟ್ಟಬೇಕು."

ಎಲ್ಲರೂ ದುರಗಮ್ಮನ ಕಡೆ ನೋಡಿದರು. ಜಗಳವಾಡುತ್ತಾಳೆ, ಇಲ್ಲವೆ ಅಳುತ್ತಾಳೆ ಎಂದುಕೊಂಡಿದ್ದಳು ಮುದಕಮ್ಮ. ದುರಗಮ್ಮ ಎರಡನ್ನೂ ಮಾಡಲಿಲ್ಲ. "ಹೋಗಿ ಬರ್ರಿ" ಎಂದಳು. ಆ ದನಿಯಲ್ಲಿ ಭಯಕ್ಕಿಂತ ಆತುರ ಹೆಚ್ಚಿದ್ದಂತೆ ಕಂಡಿತು. ಅದೂ ಮುದಕಮ್ಮನಿಗೆ ಸರಿಬರಲಿಲ್ಲ.

ಇರಕಲ್ಲಗಡದಲ್ಲಿ ಒಂದು ದಿನ ಕಳೆದು, ಮರುದಿನ ಕೊಪ್ಪಳಕ್ಕೆ ಬಂದು ಅವಳು ತಳಕಲ್ಲಿನ ಗಾಡಿ ಹತ್ತಿದಳು. ಮಾರೆವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಣ್ಣು ಮಂಜಾದ ಮುದುಕಿ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ಬಂದ ಕಾರಣ ಕೇಳಿ ಅವಳೂ ಅನುಮಾನಪಟ್ಟಳು.

"ದುರಗಿ ಸುದ್ದಿ ನಿನಗ್ಯಾಕ? ಉಡಿಕಿ ಮಾಡಿ ಇನ್ನೊಬ್ಬಗ ಕೊಡೋದೈತೇನು?"

"ಇಲ್ಲಬೇ. ನಮ್ಮ ಗುಂಪಿನ್ಯಾಗ ಕೆಲಸಕ್ಕ ಅದಾಳ. ಬೆನ್ನು ತುಳೀತಾಳ. ಖರೇನೋ ಸುಳ್ಳೋ ತಿಳೀಬೇಕು."

ಮಾರೆವ್ವ ಶೇಂಗಾದ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಯಾರಿಗೂ ಹೇಳಿಲ್ಲ ನಾ. ಆಕಿ ಅಪ್ಪ, ಅವ್ವ ಇಬ್ರೂ ಸತ್ರು, ಇನ್ನೇನೈತಿ. ಆಕಿ ಅಪ್ಪ ಕನಕಪ್ಪನ ಹೆಂಡ್ತಿಗೆ ಎರಡು ಬಾಣಂತನ. ಮೊದಲನೇದು ಗಂಡು, ಕಾಲುಮುಂದ ಬಂತು. ಅಳಲೇ ಇಲ್ಲ. ಮುಂದ ಎರಡು ವರ್ಷಕ್ಕ ಈಕಿ. ತಲಿಮುಂದ, ಸಲೀಸಾಗಿ ಬಂದ್ಲು. ಆದ್ರ ಆ ತಾಯಿಗೆ ಬುದ್ಧಿ ಅಲ್ಲೇ ನಿಂತುಬಿಟ್ಟಿತ್ತು. ಇದು ಕಾಲುಮುಂದ ಬಂದ ಕೂಸು ಅಂತ ಊರಿಗೆಲ್ಲ ಹೇಳಿದ್ಲು. ನಾ ಬ್ಯಾಡ ಅನ್ನಾಕ ಹೋಗಲಿಲ್ಲ."

"ಮತ್ತ ಆಕಿಗೆ ಇದು ಗೊತ್ತೈತೇನು?"

"ನಾಕು ವರ್ಷದಾಕಿ ಇದ್ದಾಗಿಂದ ಮಂದಿ ಬೆನ್ನ ಮ್ಯಾಲೆ ನಿಂದ್ರಿಸ್ಯಾರ. ಆಕಿಗೆ ಯಾರು ಹೇಳಬೇಕು?"

"ಬೆನ್ನು ಆರಾಮ ಆಗ್ತಿದ್ವೇನು?"

"ಕೆಲವು ಆಗ್ತಿದ್ವು, ಕೆಲವು ಇಲ್ಲ. ಡಾಕ್ಟರ ಗುಳಿಗಿನೂ ಹಂಗ ಅಲ್ಲೇನು?" ಮುದುಕಿ ಸಿಪ್ಪೆಯನ್ನು ಮೊರದಿಂದ ಕೊಡವಿದಳು. "ಆಕಿ ಬೆನ್ನ ನೆಟ್ಟಗಿಲ್ಲ, ಅದು ಗೊತ್ತೈತೇನು ನಿನಗ? ಮೂರು ವರ್ಷದ ಹಿಂದ ಭಾವಿ ತೋಡಾಗ ಕಲ್ಲಿನ ಬುಟ್ಟಿ ಹೊತ್ತು ಬಿದ್ಲು. ಎರಡು ತಿಂಗಳು ನೆಲದ ಮ್ಯಾಲೆ ಕಂಬಳಿ ಹಾಸಿ ಮಲಗಿದ್ಲು. ಟೊಂಕ ಬಗ್ಗಿಸಬ್ಯಾಡ, ಏನ ಎತ್ತೂದಿದ್ರೂ ಮಂಡಿ ಮಡಿಸಿ ಎತ್ತು ಅಂತ ಕೊಪ್ಪಳದ ಡಾಕ್ಟರು ಹೇಳಿದ್ರು. ಗಂಡ ಅನ್ನಾವ, ಬಗ್ಗಲಾರದಾಕಿ ನನಗ ಬ್ಯಾಡ ಅಂತ ತಂದು ಬಿಟ್ಟುಹೋದ. ಊರಾಗಿನ ಬೆನ್ನೆಲ್ಲ ತುಳಿದಾಕಿ. ಆಕಿ ಬೆನ್ನು ಯಾರು ತುಳೀಬೇಕು?"

ಗಾಡಿಯಲ್ಲಿ ಕೂತು ಬರುವಾಗ ಮುದಕಮ್ಮ ಗೊತ್ತಾದದ್ದನ್ನೆಲ್ಲ ಒಂದೊಂದಾಗಿ ಎದುರಿಗಿಟ್ಟುಕೊಂಡಳು. ಅನುಮಾನ ನಿಜವಾಗಿತ್ತು, ಆ ಕಾಲಿಗೆ ಯಾವ ಗುಣವೂ ಇಲ್ಲ. ಆದರೆ ದುರಗಮ್ಮ ಸುಳ್ಳು ಹೇಳಿರಲಿಲ್ಲ. ವೈಯಾರ ಎಂದುಕೊಂಡದ್ದು ವೈಯಾರವಾಗಿರಲಿಲ್ಲ. ನಿಯಮದ ಪ್ರಕಾರ ಅವಳು ಹೋಗಲೇಬೇಕು, ಕಾಲಿನ ಕಾರಣಕ್ಕಲ್ಲದಿದ್ದರೆ ಸೊಂಟದ ಕಾರಣಕ್ಕೆ. ಹೋದರೆ ಎಲ್ಲಿಗೆ? ಅಪ್ಪ ಅವ್ವ ಇಲ್ಲದ ಊರಿಗೆ, ಬೇಡವೆಂದ ಗಂಡನ ಮನೆಗೆ.

ಇನ್ನೊಂದು ಸಂಗತಿಯೂ ಇತ್ತು. ಹೋದ ವರ್ಷ ಪಂಚಮಿ ಹೊತ್ತಿಗೆ ಮೂವರು ಸೊಂಟ ಹಿಡಿದುಕೊಂಡು ಊರಿಗೆ ಹೋಗಿದ್ದರು. ಈ ವರ್ಷ ಒಬ್ಬಳೂ ಒಂದು ದಿನ ತಪ್ಪಿಸಿರಲಿಲ್ಲ. ದಿನಾ ಮಧ್ಯಾಹ್ನ ಅಷ್ಟು ಹೊತ್ತು ನೆಟ್ಟಗೆ ಮಲಗಿದ್ದಕ್ಕೋ, ಮಂಡಿ ಮಡಿಸಿ ಎತ್ತಲು ಕಲಿತದ್ದಕ್ಕೋ, ತುಳಿದದ್ದಕ್ಕೋ, ಅವಳಿಗೆ ಖಚಿತವಾಗಲಿಲ್ಲ. ಒಂದು ಮಾತ್ರ ಖಚಿತವಿತ್ತು: ಸುಳ್ಳು ಕಾಲೆಂದು ತಿಳಿದರೆ ಗಾಳೆಮ್ಮನ ಸೊಂಟ ಆ ಗಳಿಗೆಯಲ್ಲೇ ಮತ್ತೆ ಹಿಡಿಯುತ್ತದೆ.

ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲೇ ಕಸ್ತೂರೆಮ್ಮ ಎದುರಿಗೆ ಬಂದು ನಿಂತಳು. "ಹೇಳ್ಬೇ ವಕೀಲರೇ, ಏನಂದ್ಲು ಮಾರೆವ್ವ?"

ಹದಿನೈದು ಮುಖಗಳು ತಿರುಗಿದವು. ದುರಗಮ್ಮ ಕಾಲುವೆಯ ನೀರಿನಲ್ಲಿ ಕೈ ತೊಳೆಯುತ್ತಿದ್ದವಳು ತೊಳೆಯುವುದನ್ನು ನಿಲ್ಲಿಸಿದಳು.

"ಕಾಲುಮುಂದ" ಎಂದಳು ಮುದಕಮ್ಮ.

"ಖರೇ?"

"ಹೂಂ ಅಂದ್ನೆಲ್ಲ. ಮತ್ತೊಂದು ಮಾತು ಹೇಳ್ಯಾಳ. ಆ ಕಾಲಿನಾಕಿ ದಿನಾ ಇಷ್ಟೊತ್ತು ಟೊಂಕ ಬಗ್ಗಿಸಿದ್ರ ಕಾಲಿನ ಗುಣ ಹೋಗತೈತಂತ. ನಾಳಿಂದ ಆಕಿ ಸಸಿಮಡ್ಯಾಗ ಕುಂತು ಸಸಿ ಕೀಳಲಿ. ಆಕಿ ಪಟ್ಟಿ ನಾವು ಹದಿನೈದು ಮಂದಿ ಹಂಚ್ಕೊಳ್ಳೂನು."

ಎರಡನೇ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂದದ್ದು ಅವಳಿಗೇ ಸೋಜಿಗವಾಯಿತು. ಆದರೆ ಕಸ್ತೂರೆಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಇಷ್ಟು ದಿನ ಮುದಕಮ್ಮ ದುರಗಮ್ಮನನ್ನು ನೋಡುತ್ತಿದ್ದದ್ದು ಹಾಗೆಯೇ.

"ಇಷ್ಟು ಲಗೂ ಒಪ್ಪಿಕೊಂಡ್ಯಲ್ಲಬೇ! ಹಂಗಾದ್ರ ಮಲಗು ಮತ್ತ. ಮೊದಲ ನೀನ ಅಂದಿದ್ದಿ."

ಮಲಗದಿದ್ದರೆ ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡಂತೆ. ಮುದಕಮ್ಮ ದಂಡೆಯ ಹುಲ್ಲಿನ ಮೇಲೆ ಬೋರಲು ಮಲಗಿದಳು. ಹಾಗೆ ಹುಟ್ಟದವರು ತುಳಿದರೆ ಚಳಕು ಎಲುಬಿಗಿಳಿಯುತ್ತದೆ ಎಂಬ ಮಾತನ್ನು ಅವಳೂ ಚಿಕ್ಕಂದಿನಿಂದ ಕೇಳಿದವಳೇ. ಉಳಿದವರು ಬುತ್ತಿಯ ಕಡೆ ಸರಿದರು. ಕೆಸರು ತೊಳೆದ ತಣ್ಣಗಿನ ಪಾದವೊಂದು ಅವಳ ಸೊಂಟದ ಮೇಲೆ ಬಂದು ನಿಂತಿತು. ಭಾರ ಬೀಳಲಿಲ್ಲ. ಪಾದ ನಡುಗುತ್ತಿತ್ತು.

"ಯಕ್ಕಾ" ಎಂದಿತು ಮೇಲಿನಿಂದ ಪಿಸುದನಿ. ತುಳಿಯುವಾಗ ಮಾತಾಡಬಾರದೆಂಬ ಕಟ್ಟಳೆಯನ್ನು ದುರಗಮ್ಮ ಅಂದು ಮುರಿದಳು. "ಮಾರೆವ್ವ ಖರೇನ ಹಂಗ ಅಂದ್ಲಾ? ನಮ್ಮ ಚಿಗವ್ವ ಒಮ್ಮಿ ಜಗಳದಾಗ, ನೀ ತಲಿಮುಂದ ಬಂದಾಕಿ ಅಂದಿದ್ಲು. ಆವತ್ತಿಂದ ಯಾರ ಬೆನ್ನ ಮ್ಯಾಲ ಕಾಲಿಟ್ರೂ ಜೀವ ನಿಲ್ಲಂಗಿಲ್ಲ ನೋಡ್ರಿ. ಮಾರೆವ್ವನ್ನ ಕೇಳಾಕ ನನಗ ಧೈರ್ಯ ಇರಲಿಲ್ಲ. ಗಾಳೆಮ್ಮನ ಮ್ಯಾಲ ಕಾಲಿಟ್ಟಾಗ..."

ಮುದಕಮ್ಮ ಮುಖಕ್ಕೆ ಚುಚ್ಚುತ್ತಿದ್ದ ಹುಲ್ಲನ್ನು ಪಕ್ಕಕ್ಕೆ ಸರಿಸಿದಳು.

"ಅಂದ್ಲು" ಎಂದಳು. "ಆಕಿ ಕೈಯಾಗ ಮೊದಲ ನಿನ್ನ ಎಡಗಾಲ ಬಂತಂತ. ಸುಮ್ಮನ ತುಳಿ."

ಆಮೇಲೆ ಪಾದದ ನಡುಕ ನಿಂತಿತು. ಅದು ಪೂರ್ತಿ ಭಾರ ಬಿಟ್ಟು ಒಮ್ಮೆ, ಎರಡು ಸಲ, ಮೂರು ಸಲ ಒತ್ತಿತು. ಮುದಕಮ್ಮನ ಬೆನ್ನಿನಲ್ಲಿ ಏನೋ ಲಟಕ್ಕೆಂದಿತು.

ಅವಳು ಕೂಡಲೇ ಏಳಲಿಲ್ಲ. ಮೊದಲು ಎಡಕ್ಕೆ ಹೊರಳಿ ನೋಡಿದಳು, ಆಮೇಲೆ ಬಲಕ್ಕೆ. ಮಂಡಿಯೂರಿ, ಕಾಲಿನ ಬಲದಿಂದ ಎದ್ದು ನಿಂತಳು.

"ಹೆಂಗೈತಿಬೇ?" ಎಂದು ಕಸ್ತೂರೆಮ್ಮ ಕೂಗಿದಳು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

"ಈಗ ಹೇಳಾಕ ಬರಂಗಿಲ್ಲ" ಎಂದಳು ಮುದಕಮ್ಮ. "ನಾಳಿ ಬಗ್ಗಿ ನೋಡಿ ಹೇಳ್ತೀನಿ."