ತೋಳದ ಗೋಡೆ

೧

ಎಲ್ಲಿಂದ ಶುರು ಮಾಡಲಿ? ಗೋಡೆಯಿಂದ ಶುರು ಮಾಡಿದರೆ ಇದನ್ನು ಸ್ಕೂಲಿನ ಕಥೆ ಅನ್ನುತ್ತೀರಿ. ತೋಳದಿಂದ ಶುರು ಮಾಡಿದರೆ ಮಕ್ಕಳ ಕಥೆ ಅನ್ನುತ್ತೀರಿ. ಗಂಗುಲಮ್ಮನಿಂದ ಶುರು ಮಾಡೋಣವೆಂದರೆ ಅವಳೇ ಒಪ್ಪುತ್ತಿಲ್ಲ. "ಮೊದ್ಲು ಅವರವರ ಜಗಳ ಬರ್ಕೊಳ್ಳಿ ಸ್ವಾಮಿ, ನಾನು ಆಮೇಲೆ ಬರ್ತೀನಿ" ಅನ್ನುತ್ತಾಳೆ.

ಸರಿ, ಜಗಳ.

ಮಂಡಿಕಲ್ಲಿಗೂ ಪೆರೇಸಂದ್ರಕ್ಕೂ ನಡುವೆ ಒಂದು ಊರು. (ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಬಸ್ಸು ಹತ್ತಿ ನೋಡಲು ಹೋಗುತ್ತೀರಿ.) ೧೯೫೮ನೇ ಇಸವಿ. ಊರಿಗೆ ಹೈಸ್ಕೂಲು ಬಂದು ಬಹಳ ದಿನವಾಗಿರಲಿಲ್ಲ. ಡ್ರಿಲ್ ಮೇಷ್ಟ್ರು ಬಯ್ಯಪ್ಪ ಬೆಂಗಳೂರಿನಲ್ಲಿ ಟ್ರೈನಿಂಗ್ ಮುಗಿಸಿ ಬಂದವರು. ಅಲ್ಲಿ ಕಾಲೇಜು ಹುಡುಗರು ಬನಿಯನ್ನಿನ ಮೇಲೆ ಹುಲಿ, ಹದ್ದು ಹಾಕಿಕೊಂಡು ಆಡುವುದನ್ನು ಕಂಡಿದ್ದರು. ನಮ್ಮ ಕಬಡ್ಡಿ ಟೀಮಿಗೂ ಒಂದು ಲಾಂಛನ ಬೇಕು ಅಂದರು. ಯಾವುದು?

"ತೋಳ. ತೋಳ ಒಂಟಿಯಾಗಿ ಬರಲ್ಲ, ಗುಂಪು ಕಟ್ಕೊಂಡು ಬರ್ತದೆ. ಕಬಡ್ಡಿ ಅಂದ್ರೆ ಅದೇ ಅಲ್ವಾ?"

ಡ್ರಾಯಿಂಗ್ ಮೇಷ್ಟ್ರು ಆವಲಪ್ಪ ಚಿಂತಾಮಣಿ ಕಡೆಯವರು. ಮಾತು ಕಡಿಮೆ, ಗಾಬರಿಯಾದರೆ ತೆಲುಗು. ರಸ್ತೆಗೆ ಮುಖ ಮಾಡಿದ ಸ್ಕೂಲಿನ ಗೋಡೆಯ ಮೇಲೆ ಆಳೆತ್ತರಕ್ಕೆ ಮೂರು ದಿನ ಕೂತು ತೋಳವನ್ನು ಬರೆದರು. ಬರೆಯುವಾಗ ಬಲಗಿವಿ ಇರಬೇಕಾದಲ್ಲಿ ಒಂದು ಹೆಂಟೆ ಗಾರೆ ಕಳಚಿ ಬಿತ್ತು. ಮತ್ತೆ ಗಾರೆ ಮೆತ್ತಲು ಸೋಮಾರಿತನ ಬಂದು, ಕಿವಿಯನ್ನು ಹರಿದಂತೆ ತೋರಿಸಿ ಮುಗಿಸಿದರು.

೨

ಈ ಭಾಗದಲ್ಲಿ ನಾಯಿಗಳು ಆ ಗೋಡೆಯ ನೆರಳಲ್ಲಿ ಮಲಗುವುದನ್ನು ಬಿಟ್ಟವು ಎಂದು ಬರೆದಿದ್ದೆ. ಹೊಡೆದುಹಾಕಿದೆ. ದೆವ್ವದ ಕಥೆಗಳಲ್ಲೆಲ್ಲ ನಾಯಿಗಳೇ ಮೊದಲು ಹೆದರುತ್ತವೆ. ಪಾಪ, ಅವಕ್ಕೂ ಬೇಸರವಾಗಿರಬೇಕು.

೨ (ಮತ್ತೆ)

ನಾಯಿಗಳು ನಿಜಕ್ಕೂ ಬಿಟ್ಟವು. ಏನು ಮಾಡಲಿ.

೩

ಸ್ಕೂಲು ಕಮಿಟಿಯ ಅಧ್ಯಕ್ಷರು ನರಸಿಂಹಪ್ಪನವರು. ಊರಿನ ದೊಡ್ಡ ಜಮೀನಿನ ಗೌಡರು, ಸ್ಕೂಲಿಗೆ ಜಾಗ ಕೊಟ್ಟವರೂ ಅವರೇ. ಗೋಡೆ ನೋಡಿದ ಕೂಡಲೇ ಹೆಡ್‌ಮೇಷ್ಟ್ರ ಕೋಣೆಗೆ ನುಗ್ಗಿದರು.

"ಅಳಿಸ್ರೀ ಅದನ್ನ. ಸಿಂಹ ಬರೆಸಿ. ನಮ್ಮ ಮನೆದೇವರೂ ಆಗ್ತದೆ, ಮರ್ಯಾದೆಯಾಗೂ ಇರ್ತದೆ."

ಟೀಮಿನ ಹುಡುಗರು ಒಪ್ಪಲಿಲ್ಲ. ಅವರ ಅಪ್ಪಂದಿರಲ್ಲಿ ಅರ್ಧ ಜನ ಹುಡುಗರ ಕಡೆ, ಅರ್ಧ ಜನ ಗೌಡರ ಕಡೆ. ಕುರಿ ಕಾಯುವವರದು ಮೂರನೇ ಪಕ್ಷ. ಅವರು ತೋಳವನ್ನು ಹೆಸರು ಹಿಡಿದು ಕರೆಯುವವರೇ ಅಲ್ಲ, 'ಅದು' ಅನ್ನುವವರು. ಹೆಸರು ಹಿಡಿದರೆ ಬರುತ್ತದೆ, ಇನ್ನು ಚಿತ್ರ ಬರೆದರೆ ಕೇಳಬೇಕೆ, ಅಂದರು.

ಟೀ ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆಯಿತು. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ. ಸಿಂಹದ ಕಡೆಯವರು ಮಕ್ಕಳನ್ನು ಸ್ಕೂಲು ಬಿಡಿಸಿ ಚಿಕ್ಕಬಳ್ಳಾಪುರಕ್ಕೆ ಸೇರಿಸುತ್ತೇವೆಂದು ಹೆದರಿಸಿದರು. ಕೊನೆಗೆ ಗೌಡರು ಯಾರೂ ಎದುರಾಡಲಾಗದ ಮಾತೊಂದನ್ನು ತೆಗೆದರು.

"ಹಟ್ಟಿ ಗಂಗುಲಮ್ಮನ ಮಗೂನ ಹೊತ್ಕೊಂಡೋಗಿದ್ದು ತೋಳ. ಆ ತಾಯಿ ದಿನಾ ಈ ರಸ್ತೇಲೇ ಓಡಾಡ್ಬೇಕು. ಅವಳ ಹೊಟ್ಟೆ ಏನಾಗಬೇಡ?"

ಎಲ್ಲರೂ ತಲೆ ತಗ್ಗಿಸಿದರು. ಅವಳನ್ನು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. (ನನಗೂ ಹೊಳೆದಿರಲಿಲ್ಲ. ಮೊದಲ ಡ್ರಾಫ್ಟಿನಲ್ಲಿ ಅವಳಿಗೆ ಒಂದೇ ಒಂದು ಮಾತೂ ಇರಲಿಲ್ಲ, ಬರೀ ಅಳು.)

೪

ಗಂಗುಲಮ್ಮ ಈಗ ಬಂದಳು.

ನಾಲ್ಕು ವರ್ಷದ ಹಿಂದೆ ರಾಗಿ ಒಕ್ಕಣೆಯ ಕಾಲದಲ್ಲಿ ಅವಳು ನರಸಿಂಹಪ್ಪನವರ ಕಣದಲ್ಲಿ ಕೂಲಿಗಿದ್ದಳು. ಮೂರು ವರ್ಷದ ಮಗಳು ಅಕ್ಕಯಮ್ಮ ಬಣವೆಯ ಮಗ್ಗುಲಲ್ಲಿ ಆಡುತ್ತಿದ್ದಳು. ಹೊತ್ತು ಮುಳುಗುವ ಸಮಯ. ತೂರುತ್ತಿದ್ದ ಗಂಗುಲಮ್ಮ ಮೊರ ಇಳಿಸಿ ತಿರುಗಿದಾಗ ಬಣವೆಯ ಹಿಂದೆ ಬೂದುಬಣ್ಣದ ಬೆನ್ನೊಂದು ಸರಿದುಹೋಯಿತು. ಮಗು ಇರಲಿಲ್ಲ. ರಕ್ತವಿರಲಿಲ್ಲ, ಬಟ್ಟೆಯ ಚೂರೂ ಸಿಗಲಿಲ್ಲ. ಬಾವಿಗಳಿಗೆ ಇಳಿದು ನೋಡಿದರು, ಗುಡ್ಡ ಹತ್ತಿ ನೋಡಿದರು. ಏನೂ ಇಲ್ಲ.

ಗೋಡೆಯ ಮೇಲೆ ತೋಳ ಬಂದ ವಾರ ಅವಳು ಹುಲ್ಲಿನ ಹೊರೆ ಹೊತ್ತು ಆ ದಾರಿಯಲ್ಲಿ ಬಂದಳು. ಹೊರೆ ಇಳಿಸಿ ನಿಂತಳು. ಬಹಳ ಹೊತ್ತು ನಿಂತವಳು ಒಳಗೆ ಹೋಗಿ, ಯಾರು ಬರೆದದ್ದೆಂದು ಕೇಳಿ, ಆವಲಪ್ಪನವರ ಮುಂದೆ ಕೈಮುಗಿದಳು.

"ಮೇಷ್ಟ್ರೇ, ಇದನ್ನ ಎಲ್ಲಿ ನೋಡಿದ್ರಿ?"

"ಎಲ್ಲೂ ಇಲ್ಲಮ್ಮ. ಪುಸ್ತಕದಾಗಿನ ಚಿತ್ರ."

"ಪುಸ್ತಕದಾಗಿನ ತೋಳಕ್ಕೂ ಬಲಗಿವಿ ಹರಿದಿತ್ತಾ?"

ಆವಲಪ್ಪನವರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟರು.

"ಅವತ್ತು ಬಣವೆ ಹಿಂದೆ ಒಂದು ಸಲ ತಿರುಗಿ ನನ್ನ ನೋಡ್ತು. ಹಿಂಗೇ ಇತ್ತು ಕಿವಿ. ನಾನು ಈ ಮಾತು ಯಾರ್ಗೂ ಹೇಳಿಲ್ಲ. ಯಾರೂ ಕೇಳಲೂ ಇಲ್ಲ. ನೀವೆಲ್ಲೋ ನೋಡಿದ್ದೀರಿ ಮೇಷ್ಟ್ರೇ. ನಮ್ಮ ಮಗೂನ ಎಲ್ಲಿಟ್ಟೈತೆ, ಹೇಳಿ."

"ದೇವುಡಾ" ಅಂದರು ಆವಲಪ್ಪ. ಗಾರೆ ಬಿದ್ದ ಕಥೆಯನ್ನು ಹೇಳಿದರು. ಗಂಗುಲಮ್ಮ ಪೂರ್ತಿ ಕೇಳಿಸಿಕೊಂಡಳು.

"ಗಾರೆ ಅಲ್ಲೇ ಯಾಕೆ ಬಿತ್ತು?"

೫

ಹೆಡ್‌ಮೇಷ್ಟ್ರು ಸ್ಕೂಲಿನ ಅಂಗಳದಲ್ಲಿ ಸಭೆ ಕರೆದರು. ಗೌಡರು ಎದ್ದುನಿಂತು ತಾಯಿಯ ಸಂಕಟದ ಬಗ್ಗೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು, ಕೆಲವರು ಕಣ್ಣೊರೆಸಿಕೊಂಡರು. ಆವಲಪ್ಪನವರು, ಎಂದೂ ಬಾಯಿ ಬಿಡದವರು, ಎದ್ದು, "ಆಯಮ್ಮ ಅಲ್ಲೇ ಕೂತವ್ರೆ. ಕೇಳಬಹುದಲ್ಲ" ಅಂದರು.

ಬೇಲಿಯ ಹೊರಗೆ ಕೂತಿದ್ದ ಗಂಗುಲಮ್ಮ ಎದ್ದಳು.

"ಅಳಿಸ್ಬೇಡಿ."

"ನಿನ್ನ ಒಳ್ಳೇದಕ್ಕೇ ಕಣಮ್ಮ ಹೇಳ್ತಿರೋದು" ಅಂದರು ಗೌಡರು.

"ನನ್ನ ಒಳ್ಳೇದಕ್ಕೆ ಅವತ್ತು ಹೇಳ್ಬೇಕಿತ್ತು ಗೌಡ್ರೇ. ಮಗು ಕಾಣ್ತಿಲ್ಲ ಅಂತ ಬಡ್ಕೊಂಡ್ರೆ, ಮೋಡ ಐತೆ, ಮೊದ್ಲು ರಾಶಿ ಮುಚ್ಚಿ, ಆಮೇಲೆ ಹುಡುಕಿ ಅಂದ್ರಿ. ಮುಚ್ಚೋಷ್ಟರಲ್ಲಿ ಕತ್ತಲಾಯ್ತು. ಅದು ಎಲ್ಲಿಗೆ ಹೋಯ್ತು ಅಂತ ಅದಕ್ಕೊಂದಕ್ಕೇ ಗೊತ್ತು. ಅದನ್ನೂ ಅಳಿಸಿಬಿಟ್ರೆ ನಾನು ಯಾರನ್ನ ಕೇಳ್ಲಿ?"



ಇಲ್ಲಿ ನರಸಿಂಹಪ್ಪನವರು ಕಥೆಯಿಂದ ಆಚೆ ಬಂದು ನನ್ನ ಮೇಜಿನ ಪಕ್ಕ ನಿಂತಿದ್ದಾರೆ.

"ನೀನು ನನ್ನ ರಾಕ್ಷಸನ್ನ ಮಾಡ್ತಿದ್ದೀಯಪ್ಪ. ಆ ರಾಶೀಲಿ ಹಟ್ಟಿಯೋರ ಕೂಲಿ ರಾಗೀನೂ ಇತ್ತು. ನೆಂದಿದ್ರೆ ಆ ವರ್ಷ ಅವರೂ ಉಪವಾಸ. ಮಗು ಅಲ್ಲೇ ಎಲ್ಲೋ ಆಡ್ತೈತೆ ಅಂದ್ಕೊಂಡೆ. ಅವತ್ತಿಂದ ಬಣವೆ ಹಿಂದಕ್ಕೆ ನಾನು ಒಂದಿನ ಹೋಗಿಲ್ಲ. ಇದನ್ನೂ ಬರಿ."

ಬರೆದಿದ್ದೇನೆ ಗೌಡ್ರೇ.

೬

ಸಭೆ ತೀರ್ಮಾನವಿಲ್ಲದೆ ಮುರಿಯಿತು. ಗೌರಿಬಿದನೂರಿನ ಆಟೋಟ ಮುಗಿಯುವ ತನಕ ತೋಳವಿರಲಿ, ಆಮೇಲೆ ಸುಣ್ಣ ಬಳಿಯೋಣ ಎಂದು ಹೆಡ್‌ಮೇಷ್ಟ್ರು ರಾಜಿ ಮಾಡಿದರು.

ಎದೆಯ ಮೇಲೆ ತೋಳ ಹೊತ್ತ ಹುಡುಗರು ಅಲ್ಲಿ ಗೆದ್ದರು ಎಂದು ಬರೆಯುವ ಆಸೆ ನನಗೆ. ಅವರು ಮೊದಲ ಸುತ್ತಿನಲ್ಲೇ ಸೋತರು. ಅಲೀಪುರದ ಒಬ್ಬ ಪ್ರೇಕ್ಷಕ ಬಯ್ಯಪ್ಪನವರನ್ನು ಕೇಳಿದನಂತೆ: "ಸಾರ್, ನಿಮ್ಮ ಹುಡುಗರು ಎದುರಾಳೀನ ನೋಡೋ ಬದಲು ತಮ್ಮ ಹಿಂದುಗಡೆ ಯಾಕೆ ನೋಡ್ತಾರೆ?"

೭

ಸುಣ್ಣದ ದಿನ ಮಧ್ಯಾಹ್ನವೇ ಗಂಗುಲಮ್ಮ ಬಂದು ಗೋಡೆಯ ಕೆಳಗೆ ಕೂತಿದ್ದಳು. ಆವಲಪ್ಪನವರು ಊಟದ ಬೆಲ್ಲಿಗೆ ಹೊರಗೆ ಬಂದರು.

"ಮೇಷ್ಟ್ರೇ, ಅಳಿಸೋಕ್ಮುಂಚೆ ಒಂದು ಉಪಕಾರ. ಅದರ ಪಕ್ಕ ನಮ್ಮ ಅಕ್ಕಯಮ್ಮನ್ನ ಬರೀರಿ."

"ನಾನು ಆ ಮಗು ಮುಖ ಕಂಡಿಲ್ಲಮ್ಮ. ಹೆಂಗಿತ್ತು ಹೇಳು."

"ಹೇಳಲ್ಲ. ಅದನ್ನ ಕಾಣ್ದೆ ಬರೆದ್ರಿ. ಇವಳನ್ನೂ ಕಾಣ್ದೆ ಬರೀರಿ."

ಆವಲಪ್ಪನವರು ಬಣ್ಣ ಕಲಸಿ ತಂದರು. ಮೂರು ವರ್ಷದ ಮಗುವೆಂದು ತೋಳದ ಮುಂಗಾಲಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡರು. ಆದರೆ ಕುಂಚ ಆ ಗೆರೆಯಲ್ಲಿ ನಿಲ್ಲಲಿಲ್ಲ. ಕಾಲು ಉದ್ದವಾದವು. ಲಂಗ ಬಂತು, ಎರಡು ಜಡೆ ಬಂದವು. ಮುಗಿಸಿ ಹಿಂದೆ ಸರಿದು ನೋಡಿದರೆ, ತೋಳದ ಹೆಗಲ ಮೇಲೆ ಕೈಯಿಟ್ಟು ಏಳೆಂಟು ವರ್ಷದ ಹುಡುಗಿ ನಿಂತಿದ್ದಳು. ಆವಲಪ್ಪನವರು ಕುಂಚ ಹಿಡಿದಿದ್ದ ಕೈಯನ್ನು ಮತ್ತೊಂದು ಕೈಯಿಂದ ಹಿಡಿದುಕೊಂಡರು.

ಅಷ್ಟರಲ್ಲಿ ಸುಣ್ಣದ ಬಕೆಟ್ಟಿನವರ ಜೊತೆ ನರಸಿಂಹಪ್ಪನವರು ಬಂದರು. ಗೋಡೆ ನೋಡಿ ನಿಂತರು.

"ಆ ಮಗು... ಇಷ್ಟೇ ಇಷ್ಟು ಇತ್ತಲ್ವಾ?" ಅಂದರು, ಮೊಣಕಾಲಿನ ಹತ್ತಿರ ಕೈ ತೋರಿಸಿ.

"ಬೆಳೆದವ್ಳೆ ಗೌಡ್ರೇ" ಅಂದಳು ಗಂಗುಲಮ್ಮ. ಅವಳ ಮುಖದಲ್ಲಿ ಎಷ್ಟೋ ವರ್ಷದ ಮೇಲೆ ನೆಮ್ಮದಿಯಂಥದ್ದೇನೋ ಇತ್ತು. "ನಾಲ್ಕು ವರ್ಷ ಆಯ್ತಲ್ಲ."

ಗೌಡರು ಬಕೆಟ್ಟನ್ನು ವಾಪಸ್ಸು ಕಳಿಸಿದರು. ಸಿಂಹದ ಮಾತು ಆ ಊರಿನಲ್ಲಿ ಅಂದಿಗೆ ನಿಂತಿತು.

೮

ಆಮೇಲೆ ಪ್ರತಿ ಸುಗ್ಗಿಗೆ ಗಂಗುಲಮ್ಮ ಬರುವಳು. "ಈ ವರ್ಷ ಎಷ್ಟುದ್ದ ಆಗವ್ಳೆ, ನೋಡಿ ಮೇಷ್ಟ್ರೇ." ಆವಲಪ್ಪನವರು ಹಳೆಯ ಚಿತ್ರದ ಮೇಲೆ ಹೊಸದನ್ನು ಬರೆಯುವರು. ಜಡೆ ಉದ್ದವಾದವು. ಲಂಗದ ಮೇಲೆ ದಾವಣಿ ಬಂತು. ತೋಳ ಇದ್ದಷ್ಟೇ ಇತ್ತು, ಅವಳು ಅದನ್ನು ಮೀರಿ ಬೆಳೆದಳು. ಟೀಮಿನವರು ಬನಿಯನ್ನಿನಿಂದ ತೋಳವನ್ನು ತಾವೇ ತೆಗೆಸಿದರು. ಅಳಿಸಬೇಕು ಅನ್ನುವವರೂ ಇರಬೇಕು ಅನ್ನುವವರೂ ಈಗ ಒಂದೇ ಕೆಲಸ ಮಾಡುತ್ತಿದ್ದರು: ಆ ಗೋಡೆ ದಾಟುವಾಗ ಮಾತು ನಿಲ್ಲಿಸುವುದು.

೧೯೬೬ರಲ್ಲಿ ಆವಲಪ್ಪನವರಿಗೆ ಶಿಡ್ಲಘಟ್ಟಕ್ಕೆ ವರ್ಗವಾಯಿತು. ಹೊರಡುವ ದಿನ ಅವರೇ ಹಟ್ಟಿಗೆ ಹೋದರು.

"ಹೊಸ ಮೇಷ್ಟ್ರು ಬರ್ತಾರಮ್ಮ. ನಾನು ಹೇಳಿ ಹೋಗ್ತೀನಿ, ಅವ್ರು ಬರೀತಾರೆ."

"ಬೇಡ ಮೇಷ್ಟ್ರೇ. ದಾರಿ ಹಿಡಿಸಿಕೊಟ್ರಿ, ಸಾಕು. ಇನ್ಮೇಲೆ ತಾನೇ ಬೆಳೀತಾಳೆ."

ಆವಲಪ್ಪನವರು ಅವಳ ಕಾಲು ಮುಟ್ಟಲು ಬಗ್ಗಿದರಂತೆ. ಅವಳು ಹಿಂದೆ ಸರಿದು, ಬಸ್ಸಿಗೆ ಹೊತ್ತಾಗ್ತದೆ ಹೋಗಿ ಅಂದಳಂತೆ.

೯

ಈಗ ಮುಕ್ತಾಯ. ಮೂರು ಬರೆದಿದ್ದೇನೆ.

ಮೊದಲನೆಯದರಲ್ಲಿ ಗುಡ್ಡದ ಮೇಲಿನ ಗವಿಯಲ್ಲಿ ಪುಟ್ಟ ಬೆಳ್ಳಿ ಕಾಲುಗಡಗ ಸಿಗುತ್ತದೆ. ಓದಿ ಹೇಳಿದೆ. ಗಂಗುಲಮ್ಮ, "ನಮಗೆ ಬೆಳ್ಳಿ ಎಲ್ಲಿಂದ ಬಂತು ಸ್ವಾಮಿ?" ಅಂದಳು.

ಎರಡನೆಯದರಲ್ಲಿ ದಾವಣಿ ಉಟ್ಟ ಹುಡುಗಿಯೊಬ್ಬಳು ಪೆರೇಸಂದ್ರದಲ್ಲಿ ಬಸ್ಸಿಳಿದು, ಹಟ್ಟಿಯ ದಾರಿ ಯಾವುದೆಂದು ಕೇಳುತ್ತಾಳೆ. ಅದನ್ನೂ ಓದಿ ಹೇಳಿದೆ. ಆ ಹಾಳೆಯನ್ನು ನಾನೇ ಹರಿದೆ. ಗಂಗುಲಮ್ಮನ ಮುಖ ನೋಡಲಾಗಲಿಲ್ಲ.

ಮೂರನೆಯದರಲ್ಲಿ ಗೋಡೆ ಬೀಳುತ್ತದೆ. ಅಗ್ಗದ ಮುಕ್ತಾಯ. ನೀವೂ ಒಪ್ಪುವುದಿಲ್ಲ.

ಉಳಿದದ್ದು ಇಷ್ಟು. ಆವಲಪ್ಪನವರ ಜಾಗಕ್ಕೆ ಯಾರೂ ಬರಲಿಲ್ಲ. ಡ್ರಾಯಿಂಗ್ ಮೇಷ್ಟ್ರ ಹುದ್ದೆ ಇನ್ನೂ ಖಾಲಿ. ಸ್ಕೂಲಿನಲ್ಲಿ ಬಣ್ಣದ ಡಬ್ಬಿಯೂ ಇಲ್ಲ. ಎರಡು ಸುಗ್ಗಿ ಕಳೆದಿವೆ. ಬಯ್ಯಪ್ಪನವರನ್ನು ಚಿತ್ರದ ಬಗ್ಗೆ ಕೇಳಿದೆ. "ನನ್ನ ಕೇಳ್ಬೇಡಿ ಸಾರ್. ನಾನು ಹಿಂದಿನ ಗೇಟಿಂದ ಓಡಾಡ್ತೀನಿ" ಅಂದರು.

ಹಾಗಾಗಿ ನಾನೇ ಬಂದಿದ್ದೇನೆ. ಬಿಸಿಲಿದೆ. ಸ್ಕೂಲಿನ ಒಳಗೆ ಹುಡುಗರು ಪದ್ಯ ಹೇಳುತ್ತಿದ್ದಾರೆ. ಗೋಡೆಯ ಕೆಳಗೆ ಗಂಗುಲಮ್ಮ ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದಾಳೆ. ತಲೆಯ ಸೆರಗು ನೆರೆತಿರುವ ಕೂದಲನ್ನು ಅರ್ಧ ಮಾತ್ರ ಮುಚ್ಚಿದೆ.

"ಬೆಳೆದವ್ಳೇನಮ್ಮ?" ರಸ್ತೆಯ ಈಚೆಯಿಂದಲೇ ಕೇಳಿದೆ.

ಅವಳು ನಕ್ಕು ಸ್ವಲ್ಪ ಪಕ್ಕಕ್ಕೆ ಸರಿದಳು. ಅಲ್ಲಿ ಒಬ್ಬರು ನಿಲ್ಲುವಷ್ಟು ಜಾಗವಾಯಿತು.

"ದೂರದಿಂದ ತಿಳಿಯಲ್ಲ ಸ್ವಾಮಿ. ಬನ್ನಿ, ಪಕ್ಕದಾಗೆ ನಿಂತ್ಕೊಂಡು ನೋಡಿ."

ತಲೆಯೆತ್ತಿದರೆ ಅಕ್ಕಯಮ್ಮ ಬೆಳೆದಿದ್ದಾಳೋ ಇಲ್ಲವೋ ಕಾಣುತ್ತದೆ. ನಾನು ಅವಳು ಮಾಡಿಕೊಟ್ಟ ಆ ಜಾಗವನ್ನೇ ನೋಡುತ್ತಿದ್ದೇನೆ, ಇನ್ನೂ ರಸ್ತೆಯ ಈಚೆಗೇ ನಿಂತಿದ್ದೇನೆ.