ಬೆಂಕಿ ಕಾಣದ ಒಲೆ

ಎನ್.ಆರ್. ಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸೋಮಶೇಖರಪ್ಪನವರ ದಿನಸಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮಧ್ಯಾಹ್ನವಾಗುತ್ತಿದ್ದಂತೆ ಒಳಗಿನಿಂದ ಅವರ ಹೆಂಡತಿ ಸರ್ವಮಂಗಳಮ್ಮನ ಕೆಮ್ಮು ಕೇಳಿಸುತ್ತಿತ್ತು. ಸೋಮಶೇಖರಪ್ಪ ಅಕ್ಕಿ ಚೀಲದ ಬಾಯಿ ಮಡಚುತ್ತಾ ಗಿರಾಕಿಗಳಿಗೆ ಹೇಳುತ್ತಿದ್ದರು, "ರೊಟ್ಟಿ ಬೇಯ್ತಾ ಇದೆ ಕಣ್ರಿ. ಬೇಗ ಹೇಳಿ, ಊಟಕ್ಕೆ ಏಳ್ಬೇಕು."

ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ. ಸೌದೆ ಒಲೆ ಅಂದ ಮೇಲೆ ಹೊಗೆ, ಹೊಗೆ ಅಂದ ಮೇಲೆ ಕೆಮ್ಮು. ಮನೆಯಲ್ಲಿ ಗ್ಯಾಸ್ ಇಲ್ಲವೆಂದಲ್ಲ. ಅದು ಕಾಫಿಗೆ, ನೆಂಟರು ಬಂದಾಗಿನ ಅವಸರಕ್ಕೆ. ದಿನದ ಅನ್ನ, ಸಾರು, ರೊಟ್ಟಿ ಎಲ್ಲ ಸೌದೆಯಲ್ಲೇ.

ಈ ಸಲ ಕೊಪ್ಪದ ಡಾಕ್ಟರು ಬಹಳ ಹೊತ್ತು ಸರ್ವಮಂಗಳಮ್ಮನ ಉಸಿರು ಕೇಳಿಸಿಕೊಂಡರು. "ಅಮ್ಮಾ, ಮೊದಲು ಹೊಗೆ ನಿಲ್ಲಬೇಕು. ಇಲ್ದಿದ್ರೆ ನನ್ನ ಔಷಧಿ ಏನೂ ಮಾಡಲ್ಲ" ಎಂದರು.

ಜೊತೆಗೆ ಹೋಗಿದ್ದ ಸೊಸೆ ರಶ್ಮಿ ಬರುವಾಗಲೇ ಇಂಡಕ್ಷನ್ ಒಲೆ ತಂದಳು. ಮರುದಿನ ವೈರಿಂಗ್‌ನವರನ್ನು ಕರೆಸಿ ಅದಕ್ಕೆಂದೇ ದೊಡ್ಡ ಪ್ಲಗ್ ಹಾಕಿಸಿದಳು. ಸಂಜೆ ನೀರು ಕಾಯಿಸಿ ತೋರಿಸಿದಳು. ಆಮೇಲೆ ಮೆಲ್ಲನೆ ಅಂದಳು, "ಅತ್ತೆ, ಕಷ್ಟ ಆದ್ರೆ ಬಿಟ್ಬಿಡಿ. ಸೋಮವಾರದಿಂದ ಅಡುಗೆಗೆ ಯಾರನ್ನಾದ್ರೂ ಗೊತ್ತು ಮಾಡ್ತೀನಿ."

ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ಸರ್ವಮಂಗಳಮ್ಮನಿಗೆ ಅದು ನಾಟಿತು. ತಾನು ಇದ್ದೂ ಈ ಮನೆಯವರು ಬೇರೆಯವರ ಕೈಯ ರೊಟ್ಟಿ ತಿನ್ನುವುದೇ? ಸೋಮವಾರದೊಳಗೆ ಇದನ್ನು ಕಲಿಯಲೇಬೇಕು.

ಶನಿವಾರ ರಶ್ಮಿ ಕೆಲಸಕ್ಕೆ ಹೊರಟ ಮೇಲೆ ಅವರು ಹೊಸ ಒಲೆಯ ಮುಂದೆ ನಿಂತರು. ಕರ್ರಗಿನ ಗಾಜು. ಬಗ್ಗಿ ಅಡಿಯನ್ನು ನೋಡಿದರು. ಬೆಂಕಿ ಹುಟ್ಟುವ ಜಾಗವೇ ಇಲ್ಲ. ಬೇಳೆ ಬೇಯಿಸುವ ಅಲ್ಯೂಮಿನಿಯಂ ತಪ್ಪಲೆ ಇಟ್ಟು ಗುಂಡಿ ಮುಟ್ಟಿದರು. ಒಲೆ ಕೀ ಕೀ ಎಂದಿತು. ತಪ್ಪಲೆ ತೆಗೆದರೂ ಕೀ ಕೀ, ಇಟ್ಟರೂ ಕೀ ಕೀ. ಇಷ್ಟು ದೊಡ್ಡ ತಪ್ಪಲೆ ಇದರ ಕಣ್ಣಿಗೆ ಬೀಳುತ್ತಿಲ್ಲವೇ?

ರಶ್ಮಿ ಸ್ಟೀಲ್ ಪಾತ್ರೆ ಇಟ್ಟಿದ್ದು ನೆನಪಾಯಿತು. ಸ್ಟೀಲ್ ಪಾತ್ರೆ ತೆಗೆದರು. ಕೈ ತಾನಾಗಿಯೇ ಒಲೆಮೂಲೆಯ ಕರಟಕ್ಕೆ ಹೋಯಿತು. ಅದರಲ್ಲಿ ನೀರು ಹಾಕಿ ಕಲಸಿದ ಬೂದಿ ಯಾವಾಗಲೂ ಇರುತ್ತಿತ್ತು. ಒಲೆಗೆ ಏರುವ ಪಾತ್ರೆಯ ತಳಕ್ಕೆ ಅದನ್ನು ಬಳಿಯದಿದ್ದರೆ ಮಸಿ ಕಚ್ಚಿಕೊಂಡು ತಿಕ್ಕುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಮದುವೆಯಾಗಿ ಬಂದಾಗಿನಿಂದ ಹಾಗೇ ಮಾಡಿದವರು, ಈಗಲೂ ದಪ್ಪಗೆ ಬಳಿದು ಇಟ್ಟರು.

ಬೂದಿನೀರು ಗಾಜಿನ ಮೇಲೆ ಹರಿದು ಗುಂಡಿಗಳನ್ನು ತೋಯಿಸಿತು. ಅಂಕೆಗಳು ತಾವಾಗಿ ಏರಿದವು, ಇಳಿದವು. ಒಲೆ ಒಂದೇ ಸಮ ಕಿರುಚಿ ಆರಿಹೋಯಿತು. ಸರ್ವಮಂಗಳಮ್ಮ ಗಾಬರಿಯಿಂದ ಪ್ಲಗ್ ಕಿತ್ತರು.

ಸದ್ದಿಗೆ ಓಡಿ ಬಂದ ಸೋಮಶೇಖರಪ್ಪ ಪಾತ್ರೆ ಎತ್ತಿ ತಳ ನೋಡಿದರು. "ಇದೇನೇ ಮಾರಾಯ್ತಿ, ಪಾತ್ರೆಗೂ ವಿಭೂತಿ ಹಚ್ಚಿದ್ದೀಯಾ?"

"ನಗ್ಬೇಡಿ. ಹೊಸ ಒಲೆ ಸತ್ತೇ ಹೋಯ್ತು ಅಂತ ಕಾಣುತ್ತೆ."

"ಹೋಗ್ಲಿ ಬಿಡು. ಕೆಂಡ ಕಾಣದ ರೊಟ್ಟಿ ಒಂದು ರೊಟ್ಟಿಯಾ?"

ಆದರೆ ಅವಸರದಲ್ಲಿ ಗ್ಯಾಸಿನ ಮೇಲೆ ಬೇಯಿಸಿದ ಅರೆಬೆಂದ ಬೇಳೆಯನ್ನು ಅವರು ಊಟದಲ್ಲಿ ತಟ್ಟೆಯ ಅಂಚಿಗೆ ಸರಿಸಲಿಲ್ಲ. ಸದ್ದಿಲ್ಲದೆ ಅಗಿದು ನುಂಗಿದರು. ಅದನ್ನು ಸರ್ವಮಂಗಳಮ್ಮ ಗಮನಿಸಿದರು.

ಮಧ್ಯಾಹ್ನ ಪಕ್ಕದ ಮನೆಯ ಕಮಲ ಬಂದರು. ಅವರ ಮನೆಯಲ್ಲಿ ಇಂಥ ಒಲೆ ಬಂದು ಬಹಳ ಕಾಲವಾಗಿತ್ತು. "ಎಂತ ಮಂಗಳಕ್ಕ, ಬೆಳಗಿಂದ ಒಂದೇ ಸಮ ಕೀ ಕೀ? ನಮ್ಮನೆ ಬೆಕ್ಕೂ ಕಿವಿ ನಿಮಿರಿಸಿ ಕೂತಿತ್ತು." ಕೈಯಲ್ಲಿ ತಮ್ಮ ಫ್ರಿಜ್ಜಿಗೆ ಅಂಟಿಸಿದ್ದ ಮಾವಿನಹಣ್ಣಿನ ಆಕಾರದ ಅಯಸ್ಕಾಂತ.

ಮೊದಲು ಗಾಜಿನ ಮೇಲೆ ಒಣಗಿದ್ದ ಬೂದಿಯನ್ನು ಒದ್ದೆ ಬಟ್ಟೆಯಲ್ಲಿ ತಾವೇ ಒರೆಸಿದರು. ಗಾಜು ಚೆನ್ನಾಗಿ ಒಣಗಿದ ಮೇಲೆ ಪ್ಲಗ್ ಹಾಕಿದರು. ಒಲೆ ಸತ್ತಿರಲಿಲ್ಲ.

"ಈಗ ಪಾತ್ರೆ ತನ್ನಿ. ಇದು ಅಂಟಿದ್ರೆ ಒಲೆಗೆ ಆಗುತ್ತೆ."

ಅಯಸ್ಕಾಂತ ಅಲ್ಯೂಮಿನಿಯಂ ತಪ್ಪಲೆಗೆ ಅಂಟಲಿಲ್ಲ, ಹಿತ್ತಾಳೆ ಪಾತ್ರೆಗೂ ಅಂಟಲಿಲ್ಲ. ಒಂದು ಸ್ಟೀಲ್ ಪಾತ್ರೆಗೆ ಅಂಟಿತು, ಇನ್ನೊಂದಕ್ಕೆ ಇಲ್ಲ.

"ಎರಡೂ ಸ್ಟೀಲೇ ಅಲ್ವಾ?" ಸರ್ವಮಂಗಳಮ್ಮನಿಗೆ ತಲೆ ಗಿರ್ರೆಂದಿತು.

"ಎಲ್ಲ ಸ್ಟೀಲೂ ಒಂದೇ ಅಲ್ಲ. ಗೋಡೆ ಮೇಲಿನ ರೊಟ್ಟಿ ಹೆಂಚು ಕೊಡಿ ನೋಡಣ."

"ಆ ಕಬ್ಬಿಣದ್ದಾ? ಅದು ನಮ್ಮತ್ತೆ ಕಾಲದ್ದು!"

ಅಯಸ್ಕಾಂತ ಟಕ್ಕೆಂದು ಹಾರಿ ಹೆಂಚಿಗೆ ಕಚ್ಚಿಕೊಂಡಿತು. ಕಮಲ ಹೆಂಚನ್ನು ತಿರುಗಿಸಿ ನೋಡಿದರು. "ತಳ ಚಪ್ಪಟೆ ಇದೆ. ಸಾಕಲ್ಲ! ಬೂದಿ ಮಾತ್ರ ಬೇಡ. ಬೆಂಕಿಯೇ ಇಲ್ಲದ ಮೇಲೆ ಮಸಿ ಎಲ್ಲಿಂದ ಬರ್ತದೆ?"

"ಬೆಂಕಿ ಇಲ್ದೆ ಬಿಸಿ ಎಲ್ಲಿಂದ ಬರುತ್ತೆ ಕಮಲಾ?"

"ಪಾತ್ರೆಯ ತಳವೇ ಬಿಸಿ ಆಗೋದು."

"ನಂಗೆ ತಲೆಬುಡ ತಿಳೀಲಿಲ್ಲ."

"ನಂಗೂ ಪೂರ್ತಿ ತಿಳಿದಿಲ್ಲ ಮಾರಾಯ್ತಿ. ರೊಟ್ಟಿ ಬೇಯಿಸೋಕೆ ಇಷ್ಟು ತಿಳಿದ್ರೆ ಸಾಕು. ತಳ ಒಣಗಿರಲಿ. ಖಾಲಿ ಪಾತ್ರೆ ಇಟ್ಟು ಮರೀಬೇಡಿ. ಅಡುಗೆ ಮುಗಿದ ಮೇಲೆ ಗುಂಡಿ ಒತ್ತಿ ಆರಿಸಿ, ಒಳಗಿನ ಫ್ಯಾನ್ ನಿಂತ ಮೇಲೆ ಸ್ವಿಚ್ ತೆಗೀರಿ. ಎಕ್ಸ್‌ಟೆನ್ಶನ್ ವೈರಿನ ಗೊಡವೆ ಬೇಡ. ನಾನು ಹಾಗೆ ಮಾಡಿ, ವೈರು ಕರಗಿ, ಮನೆಯೆಲ್ಲ ಸುಟ್ಟ ನಾತ."

ಬಾಗಿಲಲ್ಲಿ ನಿಂತಿದ್ದ ಸೋಮಶೇಖರಪ್ಪ ಕೇಳಿದರು, "ಕರೆಂಟ್ ಹೋದ್ರೆ ಉಪವಾಸವಾ?"

"ಗ್ಯಾಸ್ ಎಂತಕ್ಕೆ ಇಟ್ಕೊಂಡಿದ್ದೀರಿ ಅಣ್ಣ? ಪೂಜೆ ಮಾಡೋಕಾ?"

ಅವರು ಗಿರಾಕಿಯ ನೆಪ ಹೇಳಿ ಅಂಗಡಿಗೆ ಹೋದರು. ಕಮಲ ಅಯಸ್ಕಾಂತವನ್ನು ಹೆಂಚಿನ ಮೇಲೇ ಬಿಟ್ಟರು. "ಇರಲಿ, ನಿಮಗೆ ಬೇಕಾಗುತ್ತೆ."

ಭಾನುವಾರ ಸರ್ವಮಂಗಳಮ್ಮ ಹೆಂಚು ಇಟ್ಟು ಅಕ್ಕಿ ರೊಟ್ಟಿ ಹಾಕಿದರು. ಮೊದಲನೆಯದು ಕರಕಲಾಯಿತು. ಅಂಕೆ ಇಳಿಸಿದರು, ಎರಡನೆಯದು ಬೇಯದೆ ಬಿಳಿಚಿಕೊಂಡಿತು. ಹಾಳು ಒಲೆಯೇ! ಸಾರಿನ ಪಾತ್ರೆಗೆಂದು ಮತ್ತೆ ಕೈ ಬೂದಿಯ ಕರಟಕ್ಕೆ ಹೋಯಿತು. ಕರಟ ಅಲ್ಲಿರಲಿಲ್ಲ. ಕಿಟಕಿಯಿಂದ ನೋಡಿದರೆ, ಬಸಳೆ ಬುಡದಲ್ಲಿ ಬೂದಿ ಸುರಿದಿತ್ತು, ಪಕ್ಕದಲ್ಲಿ ಕರಟ ಬೋರಲು ಬಿದ್ದಿತ್ತು. ಬೆಳಿಗ್ಗೆ ಗಂಡ ಹಿತ್ತಿಲಿಗೆ ಹೋಗಿದ್ದು ಅವರಿಗೆ ನೆನಪಾಯಿತು. ಒಬ್ಬರೇ ನಕ್ಕರು.

ಅಂಕೆಯನ್ನು ನಡುವೆ ನಿಲ್ಲಿಸಿ ಮೂರನೆಯ ರೊಟ್ಟಿ ಹಾಕಿದರು. ತಿರುವಿ, ಬಟ್ಟೆಯ ಉಂಡೆಯಿಂದ ಮೆಲ್ಲಗೆ ಒತ್ತಿದರು. ರೊಟ್ಟಿ ಪುಸ್ಸೆಂದು ಉಬ್ಬಿತು. ಆಮೇಲಿನದೂ ಉಬ್ಬಿತು.

ಅಷ್ಟರಲ್ಲಿ ಸೋಮಶೇಖರಪ್ಪ ಧಡಧಡನೆ ಒಳಗೆ ಬಂದರು. ಕೈಯಲ್ಲಿ ಇನ್ನೂ ತಕ್ಕಡಿಯ ಬಟ್ಟು.

"ಮಂಗಳಾ, ಹುಷಾರಾಗಿದ್ದೀಯಾ?"

"ಯಾಕ್ರೀ, ಏನಾಯ್ತು?"

"ಏನಿಲ್ಲ... ಊಟದ ಹೊತ್ತಾಯ್ತು. ನಿನ್ನ ಕೆಮ್ಮು ಕೇಳಿಸ್ಲಿಲ್ಲ."

ಹೇಳಿದ ಮೇಲೆ, ಇಷ್ಟು ದಿನ ಆ ಕೆಮ್ಮನ್ನೇ ಊಟದ ಗಂಟೆ ಮಾಡಿಕೊಂಡಿದ್ದು ಅವರಿಗೇ ಹೊಳೆಯಿತು. ರಶ್ಮಿ ತಟ್ಟೆ ಇಟ್ಟಳು. ಸೋಮಶೇಖರಪ್ಪ ಬಟ್ಟನ್ನು ಕಿಟಕಿಯಲ್ಲಿಟ್ಟು ಊಟಕ್ಕೆ ಕೂತರು. ಒಂದು ರೊಟ್ಟಿ ಪೂರ್ತಿ ತಿಂದರು.

"ಕೆಂಡದ ರೊಟ್ಟಿ ಹಾಗಿಲ್ಲ," ಎಂದರು. ಆಮೇಲೆ ತಟ್ಟೆ ಮುಂದೆ ಸರಿಸಿದರು. "ಇನ್ನೊಂದು ಹಾಕು. ರಶ್ಮಿ, ನಾಳೆಯಿಂದ ಯಾರೂ ಬರೋದು ಬೇಡಮ್ಮ. ಸೌದೆ ಒಲೆ ಸ್ನಾನದ ನೀರಿಗೆ ಇರಲಿ, ಅದನ್ನ ನಾನು ಹೊರಗೆ ಹಿತ್ತಿಲಲ್ಲಿ ಹೂಡ್ತೀನಿ."

ಈ ಕಥೆ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ಅಡುಗೆ ಹೊತ್ತಿನಲ್ಲಿ ಸ್ವಲ್ಪ ಕಿವಿಗೊಡಿ. ಒಳಗಿನಿಂದ ಕೆಮ್ಮು ಕೇಳಿಸಿದರೆ ಅದನ್ನು ಅಡುಗೆಯ ಸದ್ದು ಎಂದುಕೊಳ್ಳಬೇಡಿ. ಗ್ಯಾಸ್ ಇದ್ದರೆ ನೆಂಟರಿಗೆಂದು ಕಾಯಿಸದೆ ದಿನವೂ ಹಚ್ಚಿ. ಕರೆಂಟಿನ ಒಲೆ ತರುವುದಾದರೆ ಸರಿಯಾದ ಪ್ಲಗ್ ಹಾಕಿಸಿ, ಪಾತ್ರೆಗೆ ಅಯಸ್ಕಾಂತ ಹಿಡಿದು ನೋಡಿ. ಹೃದಯಬಡಿತಕ್ಕೆಂದು ಎದೆಗೆ ಪೇಸ್‌ಮೇಕರ್ ಯಂತ್ರ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಶುರುವಿನಲ್ಲಿ ಗಲಿಬಿಲಿ ಆಗುತ್ತದೆ, ಒಂದೆರಡು ರೊಟ್ಟಿ ಸುಡುತ್ತದೆ. ಸುಟ್ಟ ದಿನ ಆಡಿಕೊಳ್ಳದೆ ತಿನ್ನಿ. ಬಡಿಸುವವರ ಉಸಿರು ಆ ರೊಟ್ಟಿಗಿಂತ ದೊಡ್ಡದು.